ಉದ್ದ ಹೆಸರಿನ ಕಡತಗಳ ಬ್ಯಾಕಪ್

ಉದ್ದ ಹೆಸರಿನ ಕಡತಗಳ ಬ್ಯಾಕಪ್ ಎಂದರೆ ಗಣಕಯಂತ್ರದಲ್ಲಿರುವ ದೀರ್ಘ ಹೆಸರಿನ ಕಡತಗಳನ್ನು ಫ್ಲಾಪಿ, ಸಿ.ಡಿ., ಪೆನ್ ಡ್ರೈವ್ ಮುಂತಾದ ತೆಗೆದೊಯ್ಯಬಲ್ಲ ಡಿಸ್ಕುಗಳಿಗೆ ಹೆಸರುಗಳ ಸಹಿತ ನಕಲು ಮಾಡಿ ಕಾಪಿಡುವ ಕ್ರಮ. ಇಂತಹ ಡಿಸ್ಕುಗಳಿಗೆ ಎರಡು ಬಗೆಯ ಮಿತಿಗಳಿವೆ. ಒಂದು, ಅವುಗಳಲ್ಲಿ ಹಿಡಿಯುವ ಮಾಹಿತಿಯ ಪ್ರಮಾಣ; ಇನ್ನೊಂದು, ಅವುಗಳ ಕಡತ ವ್ಯವಸ್ಥೆ ಒಪ್ಪುವ ಹೆಸರಿನ ಉದ್ದ. ಡಿಸ್ಕು ತುಂಬಿದಾಗ ಗಣಕವು ಎಚ್ಚರಿಸುತ್ತದೆ. ಹೆಸರಿನ ಮಿತಿ ಮೀರಿದಾಗ ಕೆಲವೊಮ್ಮೆ ಹೆಸರು ಸದ್ದಿಲ್ಲದೆ ಮೊಟಕಾಗುತ್ತದೆ. ಕಡತದ ಒಳಗಿನ ವಿಷಯ ಉಳಿದರೂ ಅದು ಯಾವ ಕಡತವೆಂದು ಗುರುತಿಸಲಾಗದಿದ್ದರೆ ಬ್ಯಾಕಪ್‌ನ ಉದ್ದೇಶ ಈಡೇರುವುದಿಲ್ಲ. ಆದ್ದರಿಂದ ಹೆಸರನ್ನೂ ಮಾಹಿತಿಯ ಭಾಗವೆಂದೇ ಪರಿಗಣಿಸಬೇಕಾಗುತ್ತದೆ.

ಎಂಟು ಮತ್ತು ಮೂರರ ನಿಯಮ

ಮೈಕ್ರೋಸಾಫ್ಟ್ ಸಂಸ್ಥೆಯ ಎಂಎಸ್-ಡಾಸ್ ಕಾರ್ಯಾಚರಣ ವ್ಯವಸ್ಥೆಯು ಫ್ಯಾಟ್ ಎಂಬ ಕಡತ ವ್ಯವಸ್ಥೆಯನ್ನು ಬಳಸುತ್ತಿತ್ತು. ಅದರಲ್ಲಿ ಕಡತದ ಹೆಸರಿಗೆ ಗರಿಷ್ಠ 8 ಅಕ್ಷರ, ಚುಕ್ಕೆಯ ನಂತರದ ವಿಸ್ತರಣೆಗೆ ಗರಿಷ್ಠ 3 ಅಕ್ಷರ ಮಾತ್ರ ಸಲ್ಲುತ್ತಿದ್ದವು. ಹೆಸರಿನ ನಡುವೆ ತೆರಪು ಬಿಡುವ ರೂಢಿ ಇರಲಿಲ್ಲ. ಪ್ರತಿ ಕಡತಕ್ಕೂ ಸೂಚಿಯಲ್ಲಿ 32 ಬೈಟ್‌ಗಳ ಒಂದು ನಮೂದು ಇರುತ್ತಿತ್ತು. ಆ ನಮೂದಿನಲ್ಲಿ ಹೆಸರಿಗಾಗಿ ಮೀಸಲಾದ ಸ್ಥಳ ಕೇವಲ 11 ಬೈಟ್‌ಗಳು.

ವಿಂಡೋಸ್ 95 ಮತ್ತು ಎರಡು ಹೆಸರುಗಳು

1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95, ಕಡತಗಳಿಗೆ 255 ಅಕ್ಷರಗಳವರೆಗೆ ಹೆಸರಿಡುವ ಅವಕಾಶವನ್ನು ಸಾಮಾನ್ಯ ಬಳಕೆದಾರರಿಗೆ ಒದಗಿಸಿತು. ಹಳೆಯ ತಂತ್ರಾಂಶಗಳೂ ಕೆಲಸ ಮಾಡಬೇಕಾಗಿದ್ದುದರಿಂದ ಪ್ರತಿ ಕಡತಕ್ಕೂ ಎರಡು ಹೆಸರುಗಳನ್ನು ಕೊಡಲಾಯಿತು: ಬಳಕೆದಾರರು ಇಟ್ಟ ಉದ್ದ ಹೆಸರು ಮತ್ತು ಗಣಕವೇ ರಚಿಸಿದ ಕಿರುಹೆಸರು. ಸಾಮಾನ್ಯವಾಗಿ ಉದ್ದ ಹೆಸರಿನ ಮೊದಲ ಆರು ಅಕ್ಷರಗಳಿಗೆ ಅಲೆಗೆರೆಯಂತಹ ಟಿಲ್ಡೆ ಚಿಹ್ನೆಯನ್ನೂ ಒಂದು ಅಂಕೆಯನ್ನೂ ಸೇರಿಸಿದರೆ ಕಿರುಹೆಸರು ಸಿದ್ಧವಾಗುತ್ತದೆ.

ಉದಾಹರಣೆಗೆ, ಇಂಗ್ಲಿಷಿನಲ್ಲಿ ‘ಆನ್ಯುಯಲ್ ರಿಪೋರ್ಟ್ 1996’ ಮತ್ತು ‘ಆನ್ಯುಯಲ್ ರಿಪೋರ್ಟ್ 1997’ ಎಂಬ ಎರಡು ಕಡತಗಳಿವೆ ಎಂದು ಭಾವಿಸೋಣ. ‘ಆನ್ಯುಯಲ್’ ಎಂಬ ಪದದಲ್ಲಿ ಆರು ಇಂಗ್ಲಿಷ್ ಅಕ್ಷರಗಳಿವೆ. ಹೀಗಾಗಿ ಇವುಗಳ ಕಿರುಹೆಸರುಗಳು ‘ಆನ್ಯುಯಲ್~1’ ಮತ್ತು ‘ಆನ್ಯುಯಲ್~2’ ಎಂದಾಗುತ್ತವೆ. ಯಾವುದು ಯಾವ ವರ್ಷದ್ದು ಎಂಬ ಸುಳಿವು ಅಲ್ಲಿ ಉಳಿಯುವುದಿಲ್ಲ. ಕೊನೆಯ ಅಂಕೆಯು ಕಡತವು ಆ ಫೋಲ್ಡರಿಗೆ ಬಂದ ಸರದಿಯನ್ನು ಅವಲಂಬಿಸಿರುವುದರಿಂದ, ಬೇರೆಡೆಗೆ ನಕಲು ಮಾಡಿದಾಗ ಅದು ಬದಲಾಗಲೂಬಹುದು.

ಉದ್ದ ಹೆಸರುಗಳನ್ನು ಅರಿಯದ ಡಾಸ್ ತಂತ್ರಾಂಶದಿಂದ ಬ್ಯಾಕಪ್ ಮಾಡಿದರೆ ಕಿರುಹೆಸರು ಮಾತ್ರ ಡಿಸ್ಕಿಗೆ ಹೋಗುತ್ತದೆ. ಬೇರೆ ಬೇರೆ ಫೋಲ್ಡರುಗಳಲ್ಲಿ ಒಂದೇ ಕಿರುಹೆಸರಿನ ಕಡತಗಳಿದ್ದು, ಅವನ್ನು ಒಂದೇ ಫ್ಲಾಪಿಗೆ ಹಾಕಿದರೆ ಒಂದರ ಮೇಲೊಂದು ಬರೆಯಲ್ಪಟ್ಟು ಮೊದಲಿನ ಕಡತವೇ ಅಳಿದುಹೋಗುವ ಅಪಾಯವಿದೆ.

ಫ್ಲಾಪಿಯ ಮಿತಿಗಳು

‘1.44 ಎಂಬಿ’ ಎಂದು ಪ್ರಸಿದ್ಧವಾದ 3.5 ಅಂಗುಲದ ಫ್ಲಾಪಿಯಲ್ಲಿ ತಲಾ 512 ಬೈಟ್‌ಗಳ 2,880 ವಿಭಾಗಗಳಿರುತ್ತವೆ. ಒಟ್ಟು 14,74,560 ಬೈಟ್‌ಗಳು. ವ್ಯವಸ್ಥೆಯ ಸ್ವಂತ ಬಳಕೆಯನ್ನು ಕಳೆದರೆ ಕಡತಗಳಿಗೆ ಉಳಿಯುವುದು 14,57,664 ಬೈಟ್‌ಗಳು. 10 ಎಂಬಿ ಗಾತ್ರದ ಒಂದು ಕಡತಕ್ಕೆ ಇಂತಹ 8 ಫ್ಲಾಪಿಗಳು ಬೇಕಾಗುತ್ತವೆ.

ಇದರ ಮೂಲಸೂಚಿಯಲ್ಲಿ ಇರುವುದು 224 ನಮೂದುಗಳು ಮಾತ್ರ. ಉದ್ದ ಹೆಸರನ್ನು 13 ಅಕ್ಷರಗಳ ತುಂಡುಗಳಾಗಿಸಿ, ಪ್ರತಿ ತುಂಡಿಗೂ ಒಂದು ಹೆಚ್ಚುವರಿ ನಮೂದನ್ನು ಬಳಸಲಾಗುತ್ತದೆ. ಚುಕ್ಕೆ ಮತ್ತು ವಿಸ್ತರಣೆ ಸೇರಿ 22 ಅಕ್ಷರಗಳಾಗುವ ಹೆಸರಿಗೆ ಎರಡು ತುಂಡುಗಳು ಮತ್ತು ಕಿರುಹೆಸರಿನ ಒಂದು ನಮೂದು, ಒಟ್ಟು ಮೂರು ನಮೂದುಗಳು ಖರ್ಚಾಗುತ್ತವೆ. ಅಂದರೆ ಕಡತಗಳು ಎಷ್ಟೇ ಚಿಕ್ಕವಾಗಿದ್ದರೂ ಅಂತಹವು 74 ಆದೊಡನೆ ಮೂಲಸೂಚಿ ತುಂಬಿಬಿಡುತ್ತದೆ. ಡಿಸ್ಕಿನಲ್ಲಿ ಜಾಗವಿದ್ದರೂ ನಕಲು ನಿಂತುಹೋಗಲು ಇದು ಒಂದು ಕಾರಣ. ಫ್ಲಾಪಿಯಲ್ಲಿ ಒಂದು ಫೋಲ್ಡರನ್ನು ರಚಿಸಿ ಕಡತಗಳನ್ನು ಅದರೊಳಗೆ ಇಟ್ಟರೆ ಈ ತೊಡಕು ನಿವಾರಣೆಯಾಗುತ್ತದೆ. ಏಕೆಂದರೆ ಒಳಫೋಲ್ಡರುಗಳ ಸೂಚಿ ಅಗತ್ಯವಿದ್ದಂತೆ ಬೆಳೆಯಬಲ್ಲದು.

ಹೆಸರುಗಳನ್ನು ಉಳಿಸುವ ವಿಧಾನಗಳು

ಹೆಸರುಗಳ ಪ್ರತ್ಯೇಕ ದಾಖಲೆ: ವಿಂಡೋಸ್ 95ರ ಸಿ.ಡಿ.ಯಲ್ಲಿ ಎಲ್‌ಎಫ್‌ಎನ್‌ಬಿಕೆ ಎಂಬ ಉಪಕರಣವಿತ್ತು. ಅದು ಉದ್ದ ಹೆಸರುಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟು ಡಿಸ್ಕಿನಿಂದ ತೆಗೆದುಹಾಕುತ್ತಿತ್ತು. ಹಳೆಯ ತಂತ್ರಾಂಶದ ಕೆಲಸ ಮುಗಿದ ಮೇಲೆ ಹೆಸರುಗಳನ್ನು ಮರಳಿ ಜೋಡಿಸುತ್ತಿತ್ತು. ನಡುವೆ ಫೋಲ್ಡರುಗಳ ರಚನೆ ಬದಲಾದರೆ ಹೆಸರುಗಳು ಮರಳುತ್ತಿರಲಿಲ್ಲ.

ಸಂಕುಚಿತ ಕಡತ: ಉದ್ದ ಹೆಸರುಗಳನ್ನು ಅರಿತ ತಂತ್ರಾಂಶದಿಂದ ಎಲ್ಲ ಕಡತಗಳನ್ನು ಒಂದೇ ಜಿಪ್ ಕಡತವಾಗಿ ಕಟ್ಟಿದರೆ ಹೆಸರುಗಳು ಅದರೊಳಗೆ ಸುರಕ್ಷಿತವಾಗಿರುತ್ತವೆ. ಹೊರಗಿನ ಕಟ್ಟಿಗೆ ಎಂಟು ಅಕ್ಷರಗಳ ಹೆಸರಿಟ್ಟರೆ ಡಿಸ್ಕಿನ ಹೆಸರಿನ ಮಿತಿ ಅಡ್ಡಿಯಾಗುವುದಿಲ್ಲ.

ಹಲವು ಡಿಸ್ಕುಗಳಿಗೆ ಹಂಚಿಕೆ: ಎಆರ್‌ಜೆ, ಜಿಪ್ ಮುಂತಾದವು ಒಂದು ಕಟ್ಟನ್ನು ಹಲವು ಡಿಸ್ಕುಗಳಿಗೆ ಭಾಗ ಮಾಡಬಲ್ಲವು. ಬಹುಡಿಸ್ಕಿನ ಜಿಪ್‌ನಲ್ಲಿ ಹೆಸರುಗಳ ಮುಖ್ಯ ಪಟ್ಟಿ ಕೊನೆಯ ಡಿಸ್ಕಿನಲ್ಲಿರುತ್ತದೆ. ಆದ್ದರಿಂದ ಬಿಚ್ಚುವಾಗ ತಂತ್ರಾಂಶವು ಮೊದಲು ಕೊನೆಯ ಡಿಸ್ಕನ್ನೇ ಕೇಳುತ್ತದೆ. ಡಿಸ್ಕುಗಳ ಮೇಲೆ ಕ್ರಮಸಂಖ್ಯೆ ಬರೆದಿಡುವುದು ಅವಶ್ಯಕ. ಒಂದು ಡಿಸ್ಕು ಕೆಟ್ಟರೂ ಕಟ್ಟಿನ ಕೆಲವು ಕಡತಗಳು ದೊರೆಯದೆ ಹೋಗಬಹುದಾದ್ದರಿಂದ ಎರಡು ಪ್ರತಿಗಳನ್ನು ಮಾಡುವುದು ಒಳಿತು.

ಸಿ.ಡಿ. ಮತ್ತು ಪೆನ್ ಡ್ರೈವ್

ಸಿ.ಡಿ.ಗಳ ಐಎಸ್‌ಒ 9660 ಮಾನದಂಡದ ಮೊದಲ ಹಂತವು ಎಂಟು ಮತ್ತು ಮೂರರ ನಿಯಮವನ್ನೇ ಪಾಲಿಸುತ್ತದೆ. ಎರಡನೆಯ ಹಂತ 31 ಅಕ್ಷರಗಳವರೆಗೆ ಅನುವು ಮಾಡಿಕೊಡುತ್ತದೆ. ಮೈಕ್ರೋಸಾಫ್ಟ್ ರೂಪಿಸಿದ ಜೋಲಿಯೆಟ್ ವಿಸ್ತರಣೆಯಲ್ಲಿ ಮಿತಿ 64 ಅಕ್ಷರಗಳು. ಯುನಿಕ್ಸ್ ಬಳಗದ ಗಣಕಗಳಿಗಾಗಿ ರಾಕ್ ರಿಡ್ಜ್ ಎಂಬ ವಿಸ್ತರಣೆಯಿದೆ. ಸಿ.ಡಿ. ಬರೆಯುವ ಮುನ್ನ ತಂತ್ರಾಂಶದಲ್ಲಿ ಇವುಗಳಲ್ಲಿ ಯಾವುದು ಆಯ್ಕೆಯಾಗಿದೆ ಎಂಬುದನ್ನು ಗಮನಿಸಬೇಕು.

ಪೆನ್ ಡ್ರೈವ್‌ಗಳಲ್ಲಿ ಬಳಕೆಯಾಗುವ ಫ್ಯಾಟ್32 ವ್ಯವಸ್ಥೆಯಲ್ಲಿ ಹೆಸರಿಗೆ 255 ಅಕ್ಷರಗಳ ಅವಕಾಶವಿದ್ದರೂ ಒಂದು ಕಡತದ ಗಾತ್ರ 4 ಜಿಬಿಗಿಂತ ಕಡಿಮೆ ಇರಬೇಕು. ವಿಂಡೋಸ್‌ನ ಅನೇಕ ತಂತ್ರಾಂಶಗಳಲ್ಲಿ ಡ್ರೈವಿನ ಅಕ್ಷರದಿಂದ ಕಡತದ ಹೆಸರಿನವರೆಗಿನ ಇಡೀ ಹಾದಿಗೆ 260 ಅಕ್ಷರಗಳ ಮಿತಿಯೂ ಇದೆ. ಫೋಲ್ಡರಿನೊಳಗೆ ಫೋಲ್ಡರು ಇಡುತ್ತ ಹೋದರೆ ಈ ಮಿತಿ ಬೇಗ ಮುಗಿಯುತ್ತದೆ. ಲಿನಕ್ಸ್‌ನಲ್ಲಿ ಸಲ್ಲುವ ವಿವರಣಚಿಹ್ನೆ (:), ಪ್ರಶ್ನಾರ್ಥಕ ಚಿಹ್ನೆಗಳು ವಿಂಡೋಸ್‌ನ ಹೆಸರುಗಳಲ್ಲಿ ಸಲ್ಲುವುದಿಲ್ಲ.

ಕನ್ನಡದ ಹೆಸರುಗಳು

ಯೂನಿಕೋಡ್‌ನಿಂದಾಗಿ ಕಡತಗಳಿಗೆ ಕನ್ನಡದಲ್ಲಿಯೇ ಹೆಸರಿಡಬಹುದು. ಆದರೆ ಕಣ್ಣಿಗೆ ಕಾಣುವ ಅಕ್ಷರಗಳ ಎಣಿಕೆಗೂ ಗಣಕದ ಎಣಿಕೆಗೂ ವ್ಯತ್ಯಾಸವಿದೆ. ‘ಕನ್ನಡ’ ಎಂಬುದು ನಮಗೆ ಮೂರು ಅಕ್ಷರಗಳ ಪದ. ಗಣಕಕ್ಕೆ ಅದು ಕ, ನ, ವಿರಾಮ ಚಿಹ್ನೆ (್), ನ, ಡ ಎಂಬ ಐದು ಸಂಕೇತಗಳು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್‌ಗಳು ಬೇಕಾಗಿರುವುದರಿಂದ ಈ ಪದಕ್ಕೆ ಒಟ್ಟು 15 ಬೈಟ್‌ಗಳಾಗುತ್ತವೆ.

ಲಿನಕ್ಸ್‌ನ ಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್‌ಗಳು. ಅಂದರೆ ಕನ್ನಡದ 85 ಸಂಕೇತಗಳು ಮಾತ್ರ. ಪೆನ್ ಡ್ರೈವಿನಲ್ಲಿ 100 ಸಂಕೇತಗಳ ಕನ್ನಡ ಹೆಸರು ಸರಾಗವಾಗಿ ಹಿಡಿಸಿದರೂ, ಅದನ್ನು ಎಕ್ಸ್‌ಟಿ4 ಡಿಸ್ಕಿಗೆ ನಕಲು ಮಾಡಲು ಹೋದಾಗ ಹೆಸರು ಉದ್ದವಾಯಿತೆಂದು ಗಣಕವು ನಿರಾಕರಿಸುತ್ತದೆ. ಯೂನಿಕೋಡ್ ಅರಿಯದ ಹಳೆಯ ಜಿಪ್ ತಂತ್ರಾಂಶಗಳಲ್ಲಿ ಕನ್ನಡದ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ತೋರಬಹುದು.

ಪರಿಶೀಲನೆ

ನಕಲು ಮುಗಿಯಿತೆಂಬ ಸಂದೇಶ ಬಂದ ಮಾತ್ರಕ್ಕೆ ಬ್ಯಾಕಪ್ ಸರಿಯಾಗಿದೆ ಎಂದು ತಿಳಿಯಲಾಗದು. ಅದಕ್ಕಾಗಿ ಮುಂದಿನ ಕ್ರಮಗಳನ್ನು ಅನುಸರಿಸಬಹುದು:

1. ಮೂಲ ಕಡತಗಳ ಹೆಸರು, ಫೋಲ್ಡರು ಮತ್ತು ಗಾತ್ರಗಳ ಪಟ್ಟಿಯನ್ನು ಸರಳ ಪಠ್ಯ ಕಡತವಾಗಿ ಅದೇ ಡಿಸ್ಕಿನಲ್ಲಿ ಇಡುವುದು. ಸಾಧ್ಯವಿದ್ದರೆ ಕಾಗದದ ಮೇಲೂ ಮುದ್ರಿಸಿಕೊಳ್ಳುವುದು.
2. ಬ್ಯಾಕಪ್ ಅನ್ನು ಬೇರೊಂದು ಫೋಲ್ಡರಿಗೆ, ಆದರೆ ಬೇರೊಂದು ಗಣಕಕ್ಕೆ, ಮರಳಿ ತಂದು ಕಡತಗಳ ಸಂಖ್ಯೆ ಮತ್ತು ಹೆಸರುಗಳನ್ನು ಆ ಪಟ್ಟಿಯೊಂದಿಗೆ ಹೋಲಿಸುವುದು.
3. ಕೆಲವು ಕಡತಗಳನ್ನು ತೆರೆದು ಓದಿ ನೋಡುವುದು.
4. ಹೆಸರಿಡುವಾಗಲೇ ವರ್ಷ, ಕ್ರಮಸಂಖ್ಯೆ ಮುಂತಾದ ಗುರುತುಗಳನ್ನು ಹೆಸರಿನ ಮೊದಲಿಗೆ ಬರೆಯುವುದು. ಹಾಗೆ ಮಾಡಿದರೆ ಹೆಸರಿನ ಕೊನೆ ಮೊಟಕಾದರೂ ಕಡತದ ಗುರುತು ಉಳಿಯುತ್ತದೆ.

ಮೂಲ ಕಡತಗಳನ್ನು ಅಳಿಸುವುದಿದ್ದಲ್ಲಿ ಈ ಪರಿಶೀಲನೆ ಮುಗಿದ ನಂತರವೇ ಅಳಿಸುವುದು ಕ್ಷೇಮ.