ಆಕಾಶದಲ್ಲೊಂದು ರಿಪೇರಿ

1979ರ ಆಷಾಢದಲ್ಲಿ ನಮ್ಮ ಊರಿಗೆ ಊರೇ ಆಕಾಶಕ್ಕೆ ಹೆದರಿತ್ತು. ಅಮೆರಿಕದ ಸ್ಕೈಲ್ಯಾಬ್ ಎಂಬ ವ್ಯೋಮನಿಲ್ದಾಣ ಭೂಮಿಗೆ ಬೀಳಲಿದೆ ಎಂದು ರೇಡಿಯೋ ಹೇಳುತ್ತಿತ್ತು. ಎಲ್ಲಿ ಬೀಳುವುದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಮ್ಮಜ್ಜಿ ಮಕ್ಕಳನ್ನು ಅಂಗಳಕ್ಕೂ ಬಿಡದೆ ದೇವರ ಮುಂದೆ ತುಪ್ಪದ ದೀಪ ಹಚ್ಚಿಟ್ಟಿದ್ದರು. ಜುಲೈ 11ರಂದು ಅದು ಚೂರುಚೂರಾಗಿ ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಆಸ್ಟ್ರೇಲಿಯದಲ್ಲೂ ಬಿದ್ದಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಸ್ಕೈಲ್ಯಾಬ್ ಎಂದರೆ ಬಿದ್ದದ್ದು ಎಂಬಷ್ಟೇ ನಮ್ಮ ನೆನಪಿನಲ್ಲಿ ಉಳಿಯಿತು.

ಎಷ್ಟೋ ವರ್ಷಗಳ ಮೇಲೆ ಅದರ ಚರಿತ್ರೆಯನ್ನು ಓದಿದಾಗ ನನಗೆ ಸಂಕೋಚವಾಯಿತು. ಬಿದ್ದದ್ದು ಆ ಕಥೆಯ ಕೊನೆಯ ಪುಟ ಮಾತ್ರ. ಮನುಷ್ಯನು ವ್ಯೋಮದಲ್ಲಿ ಕೈಯಾರೆ ಮಾಡಿದ ಮೊದಲ ದೊಡ್ಡ ದುರಸ್ತಿಯ ವೃತ್ತಾಂತ ಅದರ ಮೊದಲ ಅಧ್ಯಾಯದಲ್ಲಿಯೇ ಇದೆ. ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಸ್ಕೈಲ್ಯಾಬ್ ಮೇಲೇರಿದ್ದು 1973ರ ಮೇ 14ರಂದು. ಹೊರಟು ಒಂದು ನಿಮಿಷ ಕಳೆಯುತ್ತಿದ್ದಂತೆ ಗಾಳಿಯ ರಭಸಕ್ಕೆ ಅದರ ಹೊರಕವಚ ಕಿತ್ತುಹೋಯಿತು. ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಅದರ ಎರಡು ದೊಡ್ಡ ರೆಕ್ಕೆಗಳಲ್ಲಿ ಒಂದು ಕಳಚಿಹೋಯಿತು. ಇನ್ನೊಂದು, ಕವಚದ ತುಂಡೊಂದಕ್ಕೆ ಸಿಕ್ಕಿಕೊಂಡು, ಬಿಚ್ಚದೆ ಉಳಿಯಿತು. ನೆರಳು ತಪ್ಪಿದ ನಿಲ್ದಾಣದೊಳಗಿನ ಶಾಖ 50 ಡಿಗ್ರಿ ಸೆಲ್ಸಿಯಸನ್ನು ಮೀರಿತು. ಮರುದಿನವೇ ಹೊರಡಬೇಕಾಗಿದ್ದ ಪೀಟ್ ಕಾನ್ರಾಡ್, ಜೋಸೆಫ್ ಕರ್ವಿನ್, ಪಾಲ್ ವೈಟ್ಜ್ ಎಂಬ ಮೂವರು ಯಾತ್ರಿಕರು ತಡೆದು ನಿಂತರು. ಆ ಹತ್ತು ದಿನಗಳಲ್ಲಿ ನೆಲದ ಮೇಲಿನವರು ಹಗಲಿರುಳೆನ್ನದೆ ದುಡಿದು ಬಟ್ಟೆಯದೊಂದು ದೊಡ್ಡ ಕೊಡೆಯನ್ನು ಸಿದ್ಧಪಡಿಸಿದರು. 25ರಂದು ಯಾತ್ರಿಕರು ಅದನ್ನು ಹೊತ್ತು ಹೊರಟರು.

ನಿಲ್ದಾಣವನ್ನು ಸಮೀಪಿಸಿದ ದಿನವೇ ವೈಟ್ಜ್ ತಮ್ಮ ನೌಕೆಯ ಬಾಗಿಲಲ್ಲಿ ಎದ್ದು ನಿಂತು, ಉದ್ದನೆಯ ಕೋಲಿನಿಂದ ಆ ರೆಕ್ಕೆಯನ್ನು ಮೀಟಿ ನೋಡಿದರು. ಕರ್ವಿನ್ ಅವರ ಕಾಲು ಹಿಡಿದುಕೊಂಡಿದ್ದರು. ರೆಕ್ಕೆ ಜಗ್ಗಲಿಲ್ಲ. ಮರುದಿನ ನಿಲ್ದಾಣದ ಒಳಗಿನಿಂದಲೇ ಸಣ್ಣ ಕಿಂಡಿಯೊಂದರ ಮೂಲಕ ಕೊಡೆಯನ್ನು ಹೊರಚಾಚಿ ಬಿಡಿಸಿದರು. ಶಾಖ ಇಳಿಯಿತು. ವಿದ್ಯುತ್ತಿನ ಬಡತನ ಮಾತ್ರ ಹಾಗೆಯೇ ಇತ್ತು.

ಜೂನ್ 7ರಂದು ಕಾನ್ರಾಡ್ ಮತ್ತು ಕರ್ವಿನ್ ಹೊರಗಿಳಿದರು. ಸುಮಾರು 25 ಅಡಿ ಉದ್ದದ ಕೋಲಿನ ತುದಿಗೆ ತಂತಿ ಕತ್ತರಿಸುವ ಕತ್ತರಿ ಕಟ್ಟಿತ್ತು. ಗೋಡೆಗೆ ಮೊಳೆ ಹೊಡೆಯುವವನಿಗೂ ಕಾಲೂರಲು ಜಾಗ ಬೇಕು. ಅಲ್ಲಿ ನೆಲವಿಲ್ಲ, ಆಯುಧವನ್ನು ನಾವು ತಳ್ಳಿದರೆ ಅದು ನಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಕರ್ವಿನ್ ಎಷ್ಟು ಸಲ ಪ್ರಯತ್ನಿಸಿದರೂ ಕತ್ತರಿ ಪಟ್ಟಿಯ ಮೇಲೆ ನಿಲ್ಲಲಿಲ್ಲ. ಕೊನೆಗೆ ತಮ್ಮ ಸೊಂಟದ ಹಗ್ಗವನ್ನೇ ಮಡಿಸಿ ಕೊಂಡಿಯೊಂದಕ್ಕೆ ಬಿಗಿದು ಸ್ಥಿರವಾದರು, ಪಟ್ಟಿ ತುಂಡಾಯಿತು. ಆದರೂ ಶೀತಕ್ಕೆ ಬಿಗಿದ ಕೀಲು ರೆಕ್ಕೆಯನ್ನು ಬಿಡಲೊಲ್ಲದು. ಇಬ್ಬರೂ ರೆಕ್ಕೆಗೆ ಕಟ್ಟಿದ ಹಗ್ಗಕ್ಕೆ ಹೆಗಲು ಕೊಟ್ಟು ಮೇಲೆದ್ದರು. ಕೀಲು ಮುರಿಯಿತು, ಇಬ್ಬರೂ ಶೂನ್ಯಕ್ಕೆ ಚಿಮ್ಮಿ ತಂತಮ್ಮ ಹಗ್ಗದ ತುದಿಯಲ್ಲಿ ತೂಗಿದರು, ರೆಕ್ಕೆ ನಿಧಾನವಾಗಿ ತೆರೆಯಿತು. ಕರ್ವಿನ್ ವೃತ್ತಿಯಿಂದ ವೈದ್ಯರೆಂಬುದನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ. ಆ ನಿಲ್ದಾಣದಲ್ಲಿ ಮೂರು ತಂಡಗಳು ಕ್ರಮವಾಗಿ 28, 59 ಮತ್ತು 84 ದಿನ ಬಾಳಿದವು.

ನಮಗೆ ಇನ್ನೂ ಹತ್ತಿರದ ಇಂಥ ಇನ್ನೊಂದು ಕೆಲಸವಿದೆ. ಅದನ್ನೂ ನಾವು ಗಮನಿಸಲಿಲ್ಲ. 1984ರ ಏಪ್ರಿಲಿನಲ್ಲಿ ರಾಕೇಶ್ ಶರ್ಮಾ ಸೋವಿಯೆತ್ ನಿಲ್ದಾಣ ಸಲ್ಯೂತ್-7ರಲ್ಲಿ ಅತಿಥಿಯಾಗಿದ್ದರು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಅವರು ಕೊಟ್ಟ ಉತ್ತರ ಇಂದಿಗೂ ಮನೆಮಾತು. ಅವರು ನೆಲಕ್ಕಿಳಿದ ಏಪ್ರಿಲ್ 11ರಂದೇ, ಬೇರೊಂದು ಕಕ್ಷೆಯಲ್ಲಿ, ಅಮೆರಿಕದ ನೆಲ್ಸನ್ ಮತ್ತು ವ್ಯಾನ್ ಹಾಫ್ಟೆನ್ ಕೆಟ್ಟುಹೋದ ಸೌರವೀಕ್ಷಣೆಯ ಉಪಗ್ರಹವೊಂದನ್ನು ರಿಪೇರಿ ಮಾಡುತ್ತಿದ್ದರು. ಇತ್ತ ಶರ್ಮಾ ಅವರಿಗೆ ಆತಿಥ್ಯ ನೀಡಿದ್ದ ಕಿಜಿಮ್ ಮತ್ತು ಸೊಲೊವ್ಯೊವ್, ಅತಿಥಿಗಳನ್ನು ಕಳುಹಿಸಿಕೊಟ್ಟು, ತಮ್ಮ ಮನೆಯ ಸೋರಿಕೆಯ ಕಡೆ ತಿರುಗಿದರು. ಹಿಂದಿನ ವರ್ಷವೇ ಸಲ್ಯೂತಿನ ಇಂಧನವ್ಯವಸ್ಥೆಯ ನಳಿಗೆಯೊಂದು ಒಡೆದಿತ್ತು. ಅದನ್ನು ಕಟ್ಟಿದವರು ಯಾರೂ ಅಲ್ಲಿಗೆ ಒಬ್ಬ ಮನುಷ್ಯ ಕೈಹಾಕಬೇಕಾದೀತೆಂದು ಎಣಿಸಿರಲಿಲ್ಲ. ಏಪ್ರಿಲ್ 23ರಿಂದ ಮೇ 4ರೊಳಗೆ ನಾಲ್ಕು ಸಲ ಹೊರಗಿಳಿದು, ಹೊದಿಕೆಯನ್ನು ಕೊಯ್ದು, ಒಡೆದ ನಳಿಗೆಯನ್ನು ಬಳಸಿ ಹೋಗುವ ಹೊಸ ನಳಿಗೆಗಳನ್ನು ಜೋಡಿಸಿದರು. ಆಗಸ್ಟ್ 8ರಂದು ಮತ್ತೆ ಹೊರಗಿಳಿದು ಸೋರುವ ನಳಿಗೆಯನ್ನು ಅದುಮಿ ಮುಚ್ಚಿದರು.

1991ರಲ್ಲಿ ಸಲ್ಯೂತ್ ಕೂಡ ಬಿದ್ದಿತು. ಮೇಲೆ ಹೋದದ್ದು ಎಂದಾದರೂ ಇಳಿಯಲೇಬೇಕು. ನಾವು ಹಾರಿದ ದಿನಕ್ಕೆ ಹಬ್ಬ ಮಾಡುತ್ತೇವೆ, ಬಿದ್ದ ದಿನಕ್ಕೆ ದೀಪ ಹಚ್ಚುತ್ತೇವೆ. ಇವೆರಡರ ನಡುವೆ ಕೆಟ್ಟದ್ದನ್ನು ಸರಿಪಡಿಸಿ ಬದುಕಿಸಿದವರ ಹೆಸರು ಚರಿತ್ರೆಯ ಅಂಚಿನಲ್ಲಿ ಉಳಿಯುತ್ತದೆ.

ಮಳೆಗಾಲದಲ್ಲಿ ಕೊಡೆ ರಿಪೇರಿಯವನು ಬೀದಿಯಲ್ಲಿ ಕೂಗಿದರೆ ಅಜ್ಜಿ ಅವನನ್ನು ಜಗಲಿಗೆ ಕರೆದು ಕೂರಿಸಿ, ಹಳೆಯ ಕೊಡೆಗೆ ಹೊಸ ಕಡ್ಡಿ ಹಾಕಿಸುತ್ತಿದ್ದರು. ಸ್ಕೈಲ್ಯಾಬಿನ ಕೊಡೆಯ ಕಥೆಯನ್ನು ಆಗ ಯಾರಾದರೂ ಹೇಳಿದ್ದರೆ ಅವರಿಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು.