ಕಾರ್ಕಳದ ಕಲ್ಲು, ಗೊಮ್ಮಟನ ದಾರಿ

ಕರ್ನಾಟಕದ ಏಕಶಿಲೆಯ ದೊಡ್ಡ ಗೊಮ್ಮಟ ಮೂರ್ತಿಗಳಲ್ಲಿ ಎರಡು ಬಗೆ: ಬಂಡೆ ಇದ್ದಲ್ಲೇ ಕಡೆದು ನಿಲ್ಲಿಸಿದ್ದು, ಬೇರೆಡೆ ಕಡೆದು ಸಾಗಿಸಿ ತಂದದ್ದು. ಶ್ರವಣಬೆಳಗೊಳದ್ದು ಮೊದಲ ಬಗೆ. ಗಂಗರ ಮಂತ್ರಿ ಚಾವುಂಡರಾಯ 10ನೇ ಶತಮಾನದ ಕೊನೆಯಲ್ಲಿ ಮಾಡಿಸಿದ ಸುಮಾರು 58 ಅಡಿಯ ಆ ವಿಗ್ರಹ ವಿಂಧ್ಯಗಿರಿಯ ನೆತ್ತಿಯ ಬಂಡೆಯೇ ಆಗಿತ್ತು. ಸುತ್ತಲಿನ ಬೇಡದ ಕಲ್ಲನ್ನು ತೆಗೆದದ್ದೇ ಅಲ್ಲಿಯ ಕೆಲಸ. ತುಳುನಾಡಿನ ಗೊಮ್ಮಟರದು ಎರಡನೆಯ ಬಗೆ. ಅಲ್ಲಿ ಶಿಲ್ಪಿಯ ಕೆಲಸ ಮುಗಿದ ಮೇಲೂ ಅರ್ಧ ಕೆಲಸ ಬಾಕಿ ಇರುತ್ತಿತ್ತು.

ಕರಾವಳಿಯಲ್ಲಿ ಮನೆ, ಪಾಗಾರ, ಬಾವಿಕಟ್ಟೆ ಎಲ್ಲವೂ ಮುರಕಲ್ಲಿನವು. ಕೊಡಲಿಯಂಥ ಹತಾರಿನಿಂದ ಕಡಿದರೂ ಬರುವ ಕಲ್ಲು ಅದು. ರಂಧ್ರಮಯವಾದ್ದರಿಂದ ಮೂರ್ತಿಗೆ ಒಗ್ಗದು. ಕಾರ್ಕಳದ ಆಸುಪಾಸಿನಲ್ಲಿ ಮಾತ್ರ ಮಣ್ಣನ್ನು ಸೀಳಿ ಎದ್ದ ಗಟ್ಟಿ ಕರಿಬಂಡೆಗಳು ಹೇರಳ. ಊರು ಶಿಲ್ಪಿಗಳ ನೆಲೆಯಾದದ್ದಕ್ಕೆ ಅರಸರ ಆಶ್ರಯದಷ್ಟೇ ಈ ಬಂಡೆಯೂ ಕಾರಣ.

ಈ ಕರಿಬಂಡೆ ಗ್ರಾನೈಟ್, ಅದನ್ನು ಕಡೆಯುವ ರೀತಿಯೇ ಬೇರೆ. ಹೊಯ್ಸಳ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು. ಬೇಲೂರಿನ ಕುಸುರಿ ಸಾಧ್ಯವಾದದ್ದು ಅದರಿಂದ. ಗ್ರಾನೈಟ್‌ನಲ್ಲಿ ಬೆಣಚುಕಲ್ಲಿನ ಹರಳುಗಳಿವೆ. ಚಾಣದ ಮೊನೆ ಬೇಗ ಮೊಂಡಾಗುತ್ತದೆ, ಆದ್ದರಿಂದ ಶಿಲ್ಪಿಯ ಪಕ್ಕದಲ್ಲಿ ಕುಲುಮೆ ಉರಿಯುತ್ತಲೇ ಇರಬೇಕು, ಮೊನೆ ತಟ್ಟಿ ಹದ ಕೊಡುವ ಕಮ್ಮಾರ ಇರಲೇಬೇಕು. ಬಂಡೆ ಸೀಳಲು ಸಾಲಾಗಿ ಗುಳಿ ತೋಡಿ, ಬೆಣೆ ಇಟ್ಟು, ಒಂದಾದ ಮೇಲೊಂದಕ್ಕೆ ಸುತ್ತಿಗೆಯ ಪೆಟ್ಟು ಹಾಕುತ್ತ ಹೋಗುತ್ತಾರೆ. ಪೆಟ್ಟು ಕೇಳಿಯೇ ಒಳಗಿನ ಬಿರುಕನ್ನು ಗುರುತಿಸುವುದು ಈ ಕಸುಬಿನ ಮೊದಲ ವಿದ್ಯೆ. ಗಟ್ಟಿ ಕಲ್ಲು ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಮಂಕು ದನಿ ಕೊಡುತ್ತದೆ. ಆಮೇಲೆ ತಾಳಮಾನದ ಲೆಕ್ಕದಲ್ಲಿ ಗೆರೆ ಹಾಕಿ, ಒರಟು ರೂಪ ತೆಗೆದು, ಕಡೆಗೆ ನೀರು ಹಾಕಿ ಉಜ್ಜಿ ನಯ ಮಾಡುತ್ತಾರೆ. ಗೊಮ್ಮಟನ ಮೈಮೇಲೆ ಒಡವೆಯಿಲ್ಲ, ಉಡುಗೆಯಿಲ್ಲ; ಹಾಗಾಗಿ ತಪ್ಪು ಮುಚ್ಚಲು ಜಾಗವೂ ಇಲ್ಲ.

ಕಾರ್ಕಳದ ಗೊಮ್ಮಟನನ್ನು 1432ರ ಫೆಬ್ರವರಿ 13ರಂದು ನಿಲ್ಲಿಸಿದವನು ವೀರಪಾಂಡ್ಯ ಭೈರರಸ. ಎತ್ತರ 40 ಅಡಿಗೂ ಮಿಗಿಲು. ಚಂದ್ರಮನ ಕಾವ್ಯ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ ಮೂರ್ತಿಯನ್ನು ಬಂಡಿಗೇರಿಸಿ, ಜನ ಕೂಡಿ ಎಳೆದು ಬೆಟ್ಟ ಹತ್ತಿಸಿದ ಬಗೆಯನ್ನು ವರ್ಣಿಸುತ್ತದೆ. ಅದು ಎರಡು ಶತಮಾನ ಕಳೆದ ಮೇಲೆ ಬರೆದದ್ದು, ಕವಿಯ ಉತ್ಸಾಹವೂ ಅದರಲ್ಲಿದೆ. ಆದರೂ ಸಾಗಣೆಯನ್ನೇ ದೊಡ್ಡ ಘಟನೆಯೆಂದು ಜನ ನೆನಪಿಟ್ಟರೆಂಬುದು ಗಮನಾರ್ಹ. 1604ರಲ್ಲಿ ಅಜಿಲ ಅರಸ ತಿಮ್ಮಣ್ಣ ಫಲ್ಗುಣಿ ನದಿಯ ದಡದ ವೇಣೂರಿನಲ್ಲಿ 35 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ತನ್ನೂರಿನ ಹಿರಿಮೆ ಕುಂದೀತೆಂದು ಕಾರ್ಕಳದ ಅರಸ ತಕರಾರು ತೆಗೆದನೆಂದೂ, ಮೂರ್ತಿಯನ್ನು ಆಗ ಹೊಳೆಯ ಮರಳಲ್ಲಿ ಹೂತಿಟ್ಟರೆಂದೂ ಐತಿಹ್ಯ.

ಕಡೆದವರು ಯಾರು? ಬೆಳಗೊಳದ ಮೂರ್ತಿಯ ಪಾದದ ಬಳಿಯ ಬರಹಗಳು ಮಾಡಿಸಿದವನನ್ನು ಹೆಸರಿಸುತ್ತವೆ, ಮಾಡಿದವನನ್ನಲ್ಲ. ಬೇಲೂರಿನಲ್ಲಿ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಹೆಸರು ಕೆತ್ತಿಟ್ಟು ಹೋದರು. ಗೊಮ್ಮಟನ ಶಿಲ್ಪಿಗಳಿಗೆ ಆ ಭಾಗ್ಯ ಒದಗಿದ್ದು 20ನೇ ಶತಮಾನದಲ್ಲಿ.

ಧರ್ಮಸ್ಥಳದ ರತ್ನವರ್ಮ ಹೆಗ್ಗಡೆಯವರು ಬಾಹುಬಲಿಯ, ಅಂದರೆ ಗೊಮ್ಮಟನ ಮೂರ್ತಿಯ ಸಂಕಲ್ಪ ಮಾಡಿದಾಗ ಕೆಲಸ ವಹಿಸಿಕೊಂಡವರು ಕಾರ್ಕಳದ ರೆಂಜಾಳ ಗೋಪಾಲ ಶೆಣೈ. ಅವರು ಕಲ್ಲುಕೆಲಸ ಕುಲವೃತ್ತಿಯಾದ ವಿಶ್ವಕರ್ಮ ಮನೆತನದವರಲ್ಲ, ವಯಸ್ಸಿನಲ್ಲಿ ಆಗಲೇ ಹಿರಿಯರು. ಕಾರ್ಕಳದ ಬಳಿಯ ಬಂಡೆಯಲ್ಲಿ ಸಹಾಯಕರೊಡನೆ 39 ಅಡಿಯ ಮೂರ್ತಿಯನ್ನು ಬಿಡಿಸಿದರು. ಹೆಗ್ಗಡೆಯವರು 1968ರಲ್ಲಿ ತೀರಿಕೊಂಡರು. ಮಗ ವೀರೇಂದ್ರ ಹೆಗ್ಗಡೆಯವರು ಕೆಲಸವನ್ನು ಮುಂದುವರಿಸಿದರು. 1973ರಲ್ಲಿ ನೂರಾರು ಟನ್ ಭಾರವನ್ನು ಅನೇಕ ಚಕ್ರಗಳ ಟ್ರೈಲರ್ ಮೇಲೆ ಮಲಗಿಸಿ, ಘಟ್ಟದ ತಪ್ಪಲಿನ ಕಿರಿದಾದ ರಸ್ತೆಯಲ್ಲಿ ನಿಧಾನವಾಗಿ ಸಾಗಿಸಿದರು. ದಾರಿಯುದ್ದಕ್ಕೂ ಜನ ನೆರೆದರು. ಧರ್ಮಸ್ಥಳದ ರತ್ನಗಿರಿ ಬೆಟ್ಟದಲ್ಲಿ ಪ್ರತಿಷ್ಠೆ ನಡೆದದ್ದು 1982ರಲ್ಲಿ.

ಶೆಣೈಯವರ ಕಾಲದ ಬಳಿಕ ಹತಾರು ಬದಲಾಗಿದೆ. ಕಾರ್ಬೈಡ್ ಮೊನೆಯ ಚಾಣ ಬಂದು ಕುಲುಮೆಯ ಕೆಲಸ ತಗ್ಗಿತು. ಕತ್ತರಿಸುವ ಯಂತ್ರ ತಿಂಗಳ ಕೆಲಸವನ್ನು ದಿನಗಳಿಗೆ ಇಳಿಸಿತು. ಯಂತ್ರ ಎಬ್ಬಿಸುವ ನುಣ್ಣನೆಯ ಸಿಲಿಕಾ ದೂಳು ಮಾತ್ರ ಕೈಕೆಲಸದ ದೂಳಿಗಿಂತ ಕೆಟ್ಟದ್ದು, ಶ್ವಾಸಕೋಶಕ್ಕೆ ಸೇರಿದರೆ ವಾಸಿಯಾಗದ ಸಿಲಿಕೋಸಿಸ್ ತರುತ್ತದೆ. ಮುಖವಸ್ತ್ರವಾಗಿ ಒಂದು ಬೈರಾಸು ಕಟ್ಟಿಕೊಂಡರೆ ಆ ದೂಳು ನಿಲ್ಲುವುದಿಲ್ಲ. ವಿದ್ಯೆ ಈಗ ಮನೆತನಗಳಲ್ಲಷ್ಟೇ ಉಳಿದಿಲ್ಲ. ಕಾರ್ಕಳದ ಪಕ್ಕದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಆಶ್ರಯದ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಬೇರೆ ಬೇರೆ ಹಿನ್ನೆಲೆಯ ಯುವಕರಿಗೆ ಕಲ್ಲು, ಮರ, ಲೋಹದ ಕೆತ್ತನೆ ಕಲಿಸುತ್ತಿದೆ.