ಕಡಲ ತಳದ ತಂತಿ

ತುರುವೇಕೆರೆ ಸೀಮೆಯ ನಮ್ಮ ಮನೆಯ ಅಟ್ಟದ ಮೇಲೆ ತೆಂಗಿನಕಾಯಿ ತಿಂಗಳುಗಟ್ಟಲೆ ಮಲಗಿರುತ್ತಿತ್ತು. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎಂದಾಗಲೇ ಅದು ಉಂಡೆಕೊಬ್ಬರಿ. ಹಾಗೆ ಕಾದು ಮಾಗಿದ ಮಾಲನ್ನು ನಮ್ಮ ತಂದೆಯವರು ಒಂದು ಸಲ ತಿಪಟೂರಿಗೆ ಒಯ್ದು ಮಾರಿ ಬಂದರು. ಉತ್ತರದ ಪೇಟೆಯಲ್ಲಿ ಧಾರಣೆ ಏರಿದ ಸುದ್ದಿ ಹಿಂದಿನ ಸಂಜೆಯೇ ತಂತಿಯ ಮೂಲಕ ಮಂಡಿಗೆ ಬಂದಿತ್ತೆಂದು ಆಮೇಲೆ ತಿಳಿಯಿತು. ಅವರು ಯಾರನ್ನೂ ಬೈಯಲಿಲ್ಲ. "ತಕ್ಕಡಿ ಸರಿಯಾಗೇ ಇತ್ತು ಕಣೋ, ಸುದ್ದೀಲಿ ಸೋತೆ" ಎಂದರು, ಅಷ್ಟೆ.

ಆ ಮಾತಿನ ಆಳ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಬ್ರಿಟಿಷರ ಕಡಲತಂತಿ ಉದ್ಯಮದ ಚರಿತ್ರೆಯನ್ನು ಓದಿದಾಗ.

ಈ ಚರಿತ್ರೆಯ ಮೊದಲ ಪುಟಗಳಲ್ಲಿ ನಮ್ಮ ದೇಶದ ಹೆಸರಿದೆ. 1839ರಲ್ಲಿ ಕಲ್ಕತ್ತೆಯ ವೈದ್ಯ ವಿಲಿಯಂ ಓಷಾಘ್ನೆಸಿ ಹೂಗ್ಲಿ ನದಿಯ ನೀರಿನೊಳಗೆ ತಂತಿ ಹಾಯಿಸಿ ಸಂಕೇತ ಕಳುಹಿಸಿದನು. ತಂತಿಗೆ ರಾಳ ಬಳಿದು, ಸೀಳಿದ ಬೆತ್ತದ ಕವಚ ತೊಡಿಸಿ, ಟಾರು ಹಚ್ಚಿದ ನೂಲು ಸುತ್ತಿದ್ದನಂತೆ. ಆದರೆ ಅಗಾಧವಾದ ಕಡಲಿಗೆ ಈ ಹೊದಿಕೆ ಸಾಲದು. ಅದಕ್ಕೆ ತಕ್ಕ ವಸ್ತು ದೊರೆತದ್ದು ಮಲಯದ ಕಾಡಿನಲ್ಲಿ. ಗಟ್ಟಾಪರ್ಚ ಎಂಬ ಆ ಮರದ ಹಾಲು ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ, ತಣ್ಣೀರಿನಲ್ಲಿ ಗಟ್ಟಿಯಾಗುತ್ತದೆ, ವಿದ್ಯುತ್ತನ್ನು ಹೊರಗೆ ಸೋರಗೊಡುವುದಿಲ್ಲ. ನಮ್ಮ ಹಿಪ್ಪೆ, ರಂಜ, ಸಪೋಟಗಳ ಕುಲಕ್ಕೇ ಸೇರಿದ ಮರವದು.

1850ರಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಹಾಸಿದ ತಂತಿ ಕೂಡಲೇ ತುಂಡಾಯಿತು, ಮರುವರ್ಷದ್ದು ನಿಂತಿತು. 1858ರ ಅಟ್ಲಾಂಟಿಕ್ ತಂತಿ ಕೆಲವೇ ವಾರಗಳಲ್ಲಿ ಮೂಕವಾಯಿತು. ಭಾರತಕ್ಕೆಂದು ಕೆಂಪು ಸಮುದ್ರದಲ್ಲಿ ಹಾಸಿದ ತಂತಿಯೂ ಕೆಟ್ಟಿತು. ಲಾಭಕ್ಕೆ ಸರ್ಕಾರವೇ ಖಾತರಿ ಕೊಟ್ಟಿದ್ದುದರಿಂದ ಮಾತಾಡದ ತಂತಿಗೆ ಬೊಕ್ಕಸ ದಶಕಗಟ್ಟಲೆ ಹಣ ತೆತ್ತಿತು. ಸೋಲುಗಳಿಂದ ಕಲಿತು 1866ರಲ್ಲಿ 'ಗ್ರೇಟ್ ಈಸ್ಟರ್ನ್' ಹಡಗು ಅಟ್ಲಾಂಟಿಕ್ಕನ್ನು ಗೆದ್ದಿತು. 1870ರಲ್ಲಿ ಅದೇ ಹಡಗು ಮುಂಬಯಿಯಿಂದ ಏಡನ್ನಿಗೆ ತಂತಿ ಹಾಸಿತು. ವಾರಗಟ್ಟಲೆ ಹಡಗಿನಲ್ಲಿ ತೇಲಿ ಬರುತ್ತಿದ್ದ ಸುದ್ದಿ ಗಂಟೆಗಳಲ್ಲಿ ಬರತೊಡಗಿತು. ಶತಮಾನ ಮುಗಿಯುವ ಹೊತ್ತಿಗೆ ಲೋಕದ ಕಡಲತಂತಿಗಳಲ್ಲಿ ಬಹುಪಾಲು ಬ್ರಿಟಿಷರ ಕೈಯಲ್ಲಿತ್ತು. ಥೇಮ್ಸ್ ದಂಡೆಯ ಕಾರ್ಖಾನೆ, ತಂತಿ ಹಾಸುವ ಹಡಗು, ವಿದ್ಯುದ್ವಿಜ್ಞಾನ, ಸಿಂಗಪುರದ ಗಟ್ಟಾಪರ್ಚ ವ್ಯಾಪಾರ ಎಲ್ಲವೂ ಅವರ ಹಿಡಿತದಲ್ಲಿದ್ದುವು. ಅದರ ಬೆಲೆ ತೆತ್ತದ್ದು ಮಲಯದ ಕಾಡು. ಸ್ವಲ್ಪ ಹಾಲಿಗಾಗಿ ಇಡೀ ಮರವನ್ನೇ ಕಡಿದು ಉರುಳಿಸುತ್ತಿದ್ದರು.

ಈ ಪ್ರಭುತ್ವ ಎಂಥದೆಂಬುದು 1914ರ ಆಗಸ್ಟಿನಲ್ಲಿ ಕಂಡಿತು. ಯುದ್ಧ ಸಾರಿದೊಡನೆ ಬ್ರಿಟಿಷರ ಹಡಗೊಂದು ಹೊರಟು ಜರ್ಮನಿಯ ಕಡಲತಂತಿಗಳನ್ನು ಕತ್ತರಿಸಿತು. ಒಂದು ಗುಂಡೂ ಹಾರದೆ ಆ ದೇಶದ ಬಾಯಿ ಅರ್ಧ ಕಟ್ಟಿಹೋಯಿತು.

ನಮ್ಮ ಕನ್ನಡ ನಾಡಿಗೂ ಇದಕ್ಕೂ ಏನು ಸಂಬಂಧ? ಧಾರವಾಡದ ಅರಳೆಯನ್ನು ನೆನೆಯಿರಿ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಲಿವರ್‌ಪೂಲಿಗೆ ಬರುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಿತು. ಅದನ್ನು ಸಾಗಿಸಲೆಂದೇ ಕಾರವಾರದ ಬಂದರಿನ ಮೇಲೆ ಕಣ್ಣು ಬಿತ್ತು. ಯುದ್ಧ ಮುಗಿಯುತ್ತಲೇ ಮುಂಬಯಿಯ ಪೇಟೆ ಕುಸಿಯಿತು. 1870ರ ಮೇಲಂತೂ ಲಿವರ್‌ಪೂಲಿನ ಧಾರಣೆ ಮುಂಬಯಿಯ ವರ್ತಕನಿಗೆ ಅಂದಂದೇ ತಿಳಿಯುವಂತಾಯಿತು. ಹತ್ತಿ ಬೆಳೆದವನಿಗೆ? ಲಂಡನ್ನಿಗೂ ಮುಂಬಯಿಗೂ ನಡುವಣ ದೂರವನ್ನು ತಂತಿ ಅಳಿಸಿತು; ವರ್ತಕನಿಗೂ ರೈತನಿಗೂ ನಡುವಣ ದೂರವನ್ನು ಹಾಗೆಯೇ ಬಿಟ್ಟಿತು. ಸುದ್ದಿಯ ವೇಗ ಹೆಚ್ಚಿದ ಮಾತ್ರಕ್ಕೆ ಸುದ್ದಿ ಎಲ್ಲರದೂ ಆಗುವುದಿಲ್ಲ, ಶ್ರೋತೃಗಳೆ.

ನಮ್ಮಲ್ಲಿ ಟೆಲಿಗ್ರಾಂ 2013ರ ಜುಲೈನಲ್ಲಿ ಕಣ್ಮುಚ್ಚಿತು. ಆದರೆ ಕಡಲ ತಳದ ತಂತಿ ಸಾಯಲಿಲ್ಲ. ತಾಮ್ರದ ಸ್ಥಾನಕ್ಕೆ ಕೂದಲೆಳೆಯಂಥ ಗಾಜಿನ ನೂಲು ಬಂದಿದೆ. ದೇಶದೇಶಗಳ ನಡುವಣ ಗಣಕಯಂತ್ರದ ಸಂವಾದವೆಲ್ಲ ಬಹುಮಟ್ಟಿಗೆ ಅದರಲ್ಲೇ ಹರಿಯುತ್ತದೆ. ಅಂಥ ತಂತಿಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ಹಾಸಬಲ್ಲವರು ಫ್ರಾನ್ಸ್, ಅಮೆರಿಕ, ಜಪಾನ್, ಚೀನಗಳ ಬೆರಳೆಣಿಕೆಯ ಸಂಸ್ಥೆಗಳು. 2020ರಲ್ಲಿ ಚೆನ್ನೈಯಿಂದ ಅಂಡಮಾನಿಗೆ ನಮ್ಮದೇ ತಂತಿ ಹೋಯಿತು, ಸಂತೋಷ. ಆ ಕೆಲಸದ ಹೊಣೆ ಹೊತ್ತದ್ದು ಜಪಾನಿನ ಸಂಸ್ಥೆ. ಹೂಗ್ಲಿಯಲ್ಲಿ ಆ ಪ್ರಯೋಗ ನಡೆದು ಆಗ 181 ವರ್ಷಗಳಾಗಿದ್ದುವು.

ಈಗ ತಿಪಟೂರಿನ ಕೊಬ್ಬರಿಯ ಹರಾಜು ಗಣಕಯಂತ್ರದಲ್ಲಿ ನಡೆಯುತ್ತದೆ. ಧಾರಣೆ ರೈತನ ಅಂಗೈಯ ಫೋನಿಗೇ ಬರುತ್ತದೆ. ನಮ್ಮ ತಂದೆಯವರು ಇದನ್ನು ಕಂಡಿದ್ದರೆ ಹಿಗ್ಗುತ್ತಿದ್ದರು. ಹಿಗ್ಗಿದ ಮೇಲೆ, ಆ ತಂತಿ ಯಾರದು ಎಂದೂ ಕೇಳುತ್ತಿದ್ದರು.

(ಬಾನುಲಿ ಭಾಷಣ)